ರಾತ್ರಿ ಉಂಡರೆ ಶೀಲ ಮುರಿಯಿತೇ?



ಬಂಧುಗಳೇ, ಕಳೆದ ವಾರ ನಮ್ಮ ಗುಂಪಿನಲ್ಲಿ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದ್ದರು. ಅವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಏಳಕ್ಕೆಲ್ಲ ವ್ಯಾನ್ ಹತ್ತಬೇಕು, ಒಂದು ಲೋಟ ಟೀ ಕುಡಿದು ಹೊರಟುಬಿಡುತ್ತಾರೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಅದರೊಳಗೇ ಕೈ ತೊಳೆಯುವುದಕ್ಕೆ ಸಾಲು, ಟಾಯ್ಲೆಟ್ಟಿಗೆ ಸಾಲು. ಡಬ್ಬಿಯಲ್ಲಿದ್ದ ಚಿತ್ರಾನ್ನ ಅರ್ಧ ತಿಂದು ಅರ್ಧ ಮುಚ್ಚಿಡುತ್ತಾರೆ. ಹೊಟ್ಟೆ ತುಂಬ ಉಣ್ಣುವುದು ಮನೆಗೆ ಬಂದು, ಅಡುಗೆ ಮಾಡಿ, ಮಕ್ಕಳಿಗೆ ಇಕ್ಕಿದ ಮೇಲೆ, ರಾತ್ರಿ ಎಂಟೂವರೆ ಒಂಬತ್ತಕ್ಕೆ. "ಹುಣ್ಣಿಮೆ ದಿನ ಅಷ್ಟಶೀಲ ತಗೊಂಡಿದ್ದೆ ಸರ್, ತಡೆಯಕ್ಕಾಗದೆ ರಾತ್ರಿ ಉಂಡುಬಿಟ್ಟೆ. ತಪ್ಪಾಯ್ತಾ?" ಅಂತ ಕೇಳಿದ್ದರು.

ಅದರ ಕೆಳಗೇ ಯಾರೋ ಒಂದು ಬಣ್ಣದ ಚಿತ್ರ ಹಾಕಿದರು. ಬುದ್ಧರು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು, ಇಂಟರ್ಮಿಟೆಂಟ್ ಫಾಸ್ಟಿಂಗ್ ಕಂಡುಹಿಡಿದದ್ದೇ ಅವರು ಅಂತ. ಅದಕ್ಕೆ ಇಪ್ಪತ್ತು ಜನ ಕೈಮುಗಿದರು. ತಂಗಿಯ ಪ್ರಶ್ನೆ ಮೇಲೆ ಹೋಗಿ ಮರೆಯಾಯಿತು. ಆ ಕೈಮುಗಿದವರಲ್ಲಿ ನಾನೂ ಒಬ್ಬ ಅಂತ ಆಮೇಲೆ ನೋಡಿಕೊಂಡೆ. ಅದಕ್ಕೇ ಇವತ್ತಿನ ಚಿಂತನೆ.

ಮೊದಲು ಶೀಲದ ಮಾತು ಮುಗಿಸೋಣ. ನಾವು ದಿನಾ ಹೇಳುವ ಪಂಚಶೀಲದಲ್ಲಿ ಊಟದ ಹೊತ್ತಿನ ವಿಷಯವೇ ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡು ಬಾಬಾಸಾಹೇಬರು ತಮ್ಮ ಜನಕ್ಕೆ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಇಲ್ಲ. ಅದು ಬರುವುದು ಅಷ್ಟಶೀಲದಲ್ಲಿ ಆರನೆಯದಾಗಿ. ವಿಕಾಲ ಭೋಜನ ಬಿಡುವುದು, ಅಂದರೆ ಹೊತ್ತು ನೆತ್ತಿ ದಾಟಿದ ಮೇಲೆ ಮರುದಿನ ಬೆಳಕು ಹರಿಯುವವರೆಗೆ ಉಣ್ಣದಿರುವುದು. ಭಿಕ್ಖುಗಳಿಗೆ ಇದು ಪ್ರತಿದಿನದ ನಿಯಮ. ವಿನಯದ ಪಾಚಿತ್ತಿಯಗಳಲ್ಲಿ 37ನೆಯದು. ಉಪಾಸಕರಿಗೆ, ಉಪಾಸಿಕೆಯರಿಗೆ ಉಪೋಸಥದ ದಿನ ಮಾತ್ರ, ಅದೂ ತಾವಾಗಿಯೇ ತೆಗೆದುಕೊಂಡರೆ.

ಈ ನಿಯಮ ಯಾಕೆ ಬಂತು ಅನ್ನುವುದಕ್ಕೆ ಮಜ್ಝಿಮ ನಿಕಾಯದ 66ನೇ ಸುತ್ತವನ್ನು ಬಿಡುವು ಮಾಡಿಕೊಂಡು ಓದಿ. ಲಟುಕಿಕೋಪಮ ಸುತ್ತ ಅಂತ ಹೆಸರು. ಅದರಲ್ಲಿ ಉದಾಯಿ ಅನ್ನುವ ಭಿಕ್ಖು ಮುಚ್ಚುಮರೆ ಇಲ್ಲದೆ ಮಾತಾಡುತ್ತಾನೆ. ಮೊದಲು ನಾವು ಬೆಳಿಗ್ಗೆ, ಹಗಲು, ಸಂಜೆ ಮೂರೂ ಹೊತ್ತು ಉಣ್ಣುತ್ತಿದ್ದೆವು. ತಾವು ಮೊದಲು ಹಗಲಿನ ಅಕಾಲದ ಊಟ ಬಿಡಿ ಅಂದಿರಿ, ಬೇಜಾರಾದರೂ ಬಿಟ್ಟೆವು. ಆಮೇಲೆ ರಾತ್ರಿಯದನ್ನೂ ಬಿಡಿ ಅಂದಿರಿ. ಆಗ ಇನ್ನೂ ಬೇಜಾರಾಯಿತು, ಯಾಕೆಂದರೆ ಎರಡರಲ್ಲಿ ಒಳ್ಳೆಯ ಊಟ ಅದೇ ಆಗಿತ್ತು, ಅನ್ನುತ್ತಾನೆ. ಅದಕ್ಕೊಂದು ಉದಾಹರಣೆಯನ್ನೂ ಕೊಡುತ್ತಾನೆ. ಒಬ್ಬಾತನಿಗೆ ಹಗಲಲ್ಲಿ ಸಾರಿಗೆ ಏನೋ ಒಳ್ಳೆಯ ಪದಾರ್ಥ ಸಿಕ್ಕಿತಂತೆ. ಈಗ ಮಾಡಬೇಡ, ತೆಗೆದಿಡು, ಸಂಜೆ ಎಲ್ಲರೂ ಕೂಡಿ ಉಣ್ಣೋಣ ಅಂತ ಮನೆಯಲ್ಲಿ ಹೇಳಿದನಂತೆ. ಅಡುಗೆ ಅನ್ನುವುದೆಲ್ಲ ರಾತ್ರಿಯೇ, ಹಗಲು ಕಡಿಮೆ ಅಂತ ಉದಾಯಿ ಲೆಕ್ಕ ಒಪ್ಪಿಸುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಮನೆ ನಮ್ಮ ಮನೆಯೇ. ಚಾಮರಾಜನಗರದ ಕಡೆ ನಮ್ಮ ಊರಿನಲ್ಲಿ ಅವ್ವ ಬೆಳಿಗ್ಗೆ ತಂಗಳು ಅಂಬಲಿ ಕುಡಿದು ಕೂಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಹೊಲದ ಬದುವಿನ ಮೇಲೆ ರಾತ್ರಿ ಉಳಿದ ಅರ್ಧ ಹಿಟ್ಟು, ಒಂದು ಈರುಳ್ಳಿ, ಖಾರ. ಕೂಲಿ ಕೈಗೆ ಬರುತ್ತಿದ್ದದ್ದು ಸಂಜೆ. ನಾನು ಸಣ್ಣವನಿದ್ದಾಗ ಎಷ್ಟೋ ಸಲ ದುಡ್ಡಲ್ಲ, ಸೇರಿನಲ್ಲಿ ಅಳೆದು ಕೊಡುವ ರಾಗಿ. ಅದನ್ನು ಬೀಸಿ, ಒಲೆ ಹಚ್ಚಿ, ಬಿಸಿ ಹಿಟ್ಟು ಉಪ್ಸಾರು ಆಗುವಾಗ ಊರೆಲ್ಲ ಕತ್ತಲು. ಹಗಲು ಹಗುರವಾಗಿ, ಸಂಜೆ ಭರ್ತಿಯಾಗಿ ಉಣ್ಣುವುದನ್ನು ಈಗ ಮೊಬೈಲಿನಲ್ಲಿ ಹೊಸ ಆರೋಗ್ಯ ಪದ್ಧತಿ ಅಂತ ಹೇಳಿಕೊಡುತ್ತಾರೆ. ನಮಗೆ ಅದು ಪದ್ಧತಿಯಲ್ಲ. ಸಂಜೆಯವರೆಗೆ ಮನೆಯಲ್ಲಿ ಬೇಯಿಸಲು ಏನೂ ಇರುತ್ತಿರಲಿಲ್ಲ, ಅಷ್ಟೇ.

ಬಾಬಾಸಾಹೇಬರ ಹಸಿವೂ ಈ ಜಾತಿಯದೇ. 1920ರಲ್ಲಿ ಎರಡನೇ ಸಲ ಲಂಡನ್ನಿಗೆ ಹೋದಾಗ ಬೆಳಿಗ್ಗೆ ಒಂದು ಚೂರು ಬ್ರೆಡ್ಡು ತಿಂದು ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ ಸೇರಿದರೆ ಬಾಗಿಲು ಹಾಕುವವರೆಗೆ ಓದು. ರಾತ್ರಿ ರೂಮಿನಲ್ಲಿ ಹಪ್ಪಳ ಸುಟ್ಟುಕೊಂಡು ತಿನ್ನುತ್ತಿದ್ದರು ಅಂತ ಅವರ ಜೀವನಚರಿತ್ರೆಯಲ್ಲಿ ಓದುತ್ತೇವೆ. ಅದನ್ನು ಯಾರೂ ವ್ರತ ಅನ್ನಬಾರದು. ಕೈಯಲ್ಲಿ ದುಡ್ಡಿರಲಿಲ್ಲ.

ಉದಾಯಿಯ ಮಾತಿಗೆ ವಾಪಸ್ ಬರೋಣ. ರಾತ್ರಿ ಊಟ ಬಿಡಿಸಿದ್ದು ಒಳ್ಳೆಯದೇ ಆಯಿತು ಅಂತ ಅವನೇ ಆಮೇಲೆ ಒಪ್ಪಿಕೊಳ್ಳುತ್ತಾನೆ. ಹಿಂದೆ ಕತ್ತಲಲ್ಲಿ ಭಿಕ್ಷೆಗೆ ಹೋದವರು ಕೊಚ್ಚೆಗುಂಡಿಗೆ ಬೀಳುತ್ತಿದ್ದರು, ಮುಳ್ಳುಬೇಲಿಗೆ ನುಗ್ಗುತ್ತಿದ್ದರು, ಮಲಗಿದ್ದ ಹಸುವಿನ ಮೇಲೆ ಎಡವುತ್ತಿದ್ದರು, ಕಳ್ಳರ ಕೈಗೆ ಸಿಕ್ಕುತ್ತಿದ್ದರು. ಒಂದು ರಾತ್ರಿ ಉದಾಯಿಯೇ ಹೋಗಿದ್ದಾನೆ. ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಾಳೆ. ಫಳ್ಳನೆ ಮಿಂಚಿದಾಗ ಎದುರಿಗೆ ನಿಂತ ಇವನನ್ನು ಕಂಡು ದೆವ್ವವೆಂದು ಚೀರುತ್ತಾಳೆ. ದೆವ್ವವಲ್ಲ, ಭಿಕ್ಷೆಗೆ ನಿಂತ ಭಿಕ್ಖು ಅಂದಾಗ ಆಕೆಗೆ ಎಲ್ಲಿಲ್ಲದ ಸಿಟ್ಟು. ಹೊಟ್ಟೆಪಾಡಿಗೆ ಹೀಗೆ ಕತ್ತಲಲ್ಲಿ ಅಲೆಯುವುದಕ್ಕಿಂತ ಆ ಹೊಟ್ಟೆಯನ್ನೇ ಕುಯ್ದುಕೊಳ್ಳಬಾರದೇ ಅಂತ ಬೈದು ಕಳಿಸುತ್ತಾಳೆ.

ಆ ಹೆಂಗಸನ್ನು ನಾನು ಮರೆತಿಲ್ಲ. ಎಲ್ಲರೂ ಉಂಡ ಮೇಲೆ ಕತ್ತಲಲ್ಲಿ ಪಾತ್ರೆ ತಿಕ್ಕುತ್ತಿರುವವಳು. ಆಗ ಬಂದು ಇನ್ನೊಬ್ಬ ಕೈ ಒಡ್ಡಿದರೆ ಏನು ಕೊಟ್ಟಾಳು? ತನ್ನ ಪಾಲನ್ನೇ ಕೊಡಬೇಕು. ನನಗೆ ತಿಳಿದಂತೆ ಆ ನಿಯಮ ಭಿಕ್ಖುವಿನ ಮೈ ಹಗುರವಾಗುವುದಕ್ಕೆ ಎಷ್ಟೋ, ಈ ಹೆಂಗಸಿನ ನೆಮ್ಮದಿಗೂ ಅಷ್ಟೇ. ದುಡಿಯದೆ ಪರರ ಅನ್ನದಲ್ಲಿ ಬದುಕುವವರು ದುಡಿದವರ ಸಂಜೆಯ ಊಟಕ್ಕೆ ಅಡ್ಡ ಬರಬಾರದು. ಹಾಗಿರುವಾಗ ಅದೇ ನಿಯಮವನ್ನು ತಂದು ದುಡಿದು ಬಂದವಳ ಗಂಗಳದ ಮೇಲೆ ಮುಚ್ಚಿದರೆ?

ಅದನ್ನೇ ನಾನು ಮಾಡಿದ್ದೆ.

1999ರ ಸುಮಾರು. ನನಗೆ ಹೊಸದಾಗಿ ಕೆಲಸ, ಹೊಸದಾಗಿ ಧಮ್ಮ. ಪ್ರತಿ ಹುಣ್ಣಿಮೆಗೆ ಅಷ್ಟಶೀಲ ತೆಗೆದುಕೊಳ್ಳುತ್ತಿದ್ದೆ. ಊರಿಗೆ ಹೋದಾಗ ಅವ್ವನಿಗೂ ಪಾಠ ಹೇಳಿದೆ. ನಾವೀಗ ಬೌದ್ಧರು ಕಣವ್ವ, ಹುಣ್ಣಿಮೆ ದಿನ ಹೊತ್ತು ಇಳಿದ ಮೇಲೆ ಉಣ್ಣಬಾರದು. ಓದಿದ ಮಗ ಹೇಳಿದ ಅಂತ ಅವ್ವ ಒಪ್ಪಿದಳು. "ಅಸ್ವು ನಂಗೇನು ಒಸ್ದಾ ಮಗ?" ಅಂತ ನಕ್ಕಳು. ಆ ಮಾತು ಅವತ್ತು ನನಗೆ ಶ್ರದ್ಧೆಯ ಹಾಗೆ ಕೇಳಿಸಿತು.

ಎರಡು ಹುಣ್ಣಿಮೆ ಕಳೆಯಿತು. ಮೂರನೆಯದರ ದಿನ ಅವ್ವ ಅರಿಸಿನದ ಹೊಲದಲ್ಲಿ ಕಳೆ ಕಿತ್ತು ಬಂದು, ತಂಗಿಗೂ ಮೊಮ್ಮಕ್ಕಳಿಗೂ ಹಿಟ್ಟು ತೊಳಸಿ ಇಕ್ಕಿ, ತಾನು ಒಂದು ಲೋಟ ನೀರು ಕುಡಿದು ಏಳುವಾಗ ಒಲೆಯ ಪಕ್ಕಕ್ಕೇ ಕುಸಿದಿದ್ದಾಳೆ. ಹಣೆ ಒಲೆಗುಂಡಿಗೆ ತಗುಲಿ ಗಾಯ. ಮಾರನೇ ದಿನ ತಂಗಿ ಊರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು. "ಅಣ್ಣ, ನೆನ್ನೆ ನೀನೇನುಂಡೆ?" ಅಂತ ಮಾತ್ರ ಕೇಳಿದಳು.

ನಾನು ಏನುಂಡಿದ್ದೆ? ವಿಹಾರದಲ್ಲಿ ದಾನದ ಊಟ. ಹನ್ನೊಂದು ಗಂಟೆಗೆ ಅನ್ನ, ಎರಡು ಪಲ್ಯ, ಪಾಯಸ, ಬಾಳೆಹಣ್ಣು. ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಪ್ರವಚನ. ರಾತ್ರಿ ಉಣ್ಣದಿರುವುದು ನನಗೆ ಏನೇನೂ ಕಷ್ಟವಾಗಿರಲಿಲ್ಲ. ಅದೇ ಶೀಲ ಅವ್ವನ ಹೊಟ್ಟೆಯಲ್ಲಿ ಬೇರೆಯೇ ಆಗಿತ್ತು.

ಭಂತೇಜಿ ಹತ್ತಿರ ಹೋಗಿ ಹೇಳಿಕೊಂಡೆ. ಅವರು ನನ್ನನ್ನು ಬೈಯಲಿಲ್ಲ. ಅಮ್ಮ ಹೊತ್ತೇರುವ ಮುಂಚೆ ಏನು ಉಂಡಿದ್ದರು ಅಂತ ಕೇಳಿದರು. ಅಂಬಲಿ, ಅರ್ಧ ಹಿಟ್ಟು ಅಂದೆ. ಆಗ ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಆಳವಿಯ ಕಥೆ ಹೇಳಿದರು. ಅಲ್ಲಿನ ಒಬ್ಬ ಬಡ ರೈತನಿಗಾಗಿಯೇ ಬುದ್ಧರು 30 ಯೋಜನ ನಡೆದು ಬಂದರು. ಅವತ್ತೇ ಆತನ ಎತ್ತು ತಪ್ಪಿಸಿಕೊಂಡಿತು. ಹುಡುಕಿ, ಮಂದೆಗೆ ಸೇರಿಸಿ, ಏನೂ ತಿನ್ನದೆ ಓಡಿಬಂದ. ಊರೆಲ್ಲ ಉಪದೇಶಕ್ಕೆ ಕಾಯುತ್ತಿತ್ತು. ಬುದ್ಧರು ಬಾಯಿ ಬಿಡಲಿಲ್ಲ. ಉಳಿದ ಅನ್ನ ಇದೆಯೇ ಅಂತ ಕೇಳಿ, ಆತನಿಗೆ ಕೊಡಿಸಿ, ಆತ ಉಂಡಾದ ಮೇಲೆಯೇ ಧಮ್ಮ ಹೇಳಿದರು. ಹಸಿದವನಿಗೆ ಮಾತು ತಲೆಗೆ ಹತ್ತುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಆರು ವರ್ಷ ಮೈ ಒಣಗಿಸಿ ನೋಡಿ, ಸುಜಾತೆಯ ಪಾಯಸ ಉಂಡು ಎದ್ದವರಲ್ಲವೇ.

ಹಾಗೆಂದು ಆ ಶೀಲ ಬೇಡ ಅನ್ನುತ್ತಿಲ್ಲ. ಬುದ್ಧರು ತತ್ವವನ್ನೂ ನಿಯಮವನ್ನೂ ಬೇರೆ ಬೇರೆ ಇಟ್ಟರು ಅಂತ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಹಿಂಸೆಯ ವಿಷಯದಲ್ಲಿ ಬರೆಯುತ್ತಾರೆ. ಊಟದ ವಿಷಯದಲ್ಲಿ ನಾನು ಹಿಡಿದುಕೊಂಡಿರುವ ತತ್ವ, ಅಳತೆ ಅರಿತು ಉಣ್ಣುವುದು. ಈ ಅಳತೆ ಎರಡೂ ಕಡೆ ಕೆಲಸ ಮಾಡುತ್ತದೆ. ಕೋಸಲದ ರಾಜ ಪಸೇನದಿ ದೋಣಗಟ್ಟಲೆ ಅನ್ನ ಉಂಡು ಏದುಸಿರು ಬಿಡುತ್ತ ಬಂದು ಕೂತ ಕಥೆ ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಅವನಿಗೆ ಉಪವಾಸ ಮಾಡು ಅನ್ನಲಿಲ್ಲ. ಮಿತವಾಗಿ ಉಣ್ಣುವವನ ನೋವು ಕಡಿಮೆ ಅನ್ನುವ ಅರ್ಥದ ಒಂದು ಗಾಥೆ ಹೇಳಿದರು. ಪಕ್ಕದಲ್ಲಿದ್ದ ಸುದಸ್ಸನ ಅನ್ನುವ ಹುಡುಗ ಅದನ್ನು ಬಾಯಿಪಾಠ ಮಾಡಿ ದಿನಾ ಊಟದ ಹೊತ್ತಿಗೆ ಹೇಳಬೇಕು, ಅದಕ್ಕೆ ದಿನಕ್ಕೆ 100 ಕಹಾಪಣ ಸಂಬಳ. ಒಳ್ಳೆಯ ಕೆಲಸವೇ! ರಾಜ ನಿಧಾನವಾಗಿ ಇಳಿಸುತ್ತ ಬಂದು ಒಂದು ನಾಳಿ ಅನ್ನಕ್ಕೆ ನಿಂತ.

ಈ ಕಥೆ ಈಗ ನಮ್ಮಂಥವರಿಗೆ. ಅವ್ವನ ಹಾಗೆ ದುಡಿದು ರಾತ್ರಿ ಉಂಡ ಮನೆಯಲ್ಲಿ ಬೆಳೆದು, ದುಡಿಮೆ ಬಿಟ್ಟು ಊಟ ಮಾತ್ರ ಇಟ್ಟುಕೊಂಡಿದ್ದೇವೆ. ಹಗಲೆಲ್ಲ ಕುರ್ಚಿಯಲ್ಲಿ ಟೀ ಬಿಸ್ಕತ್ತು, ರಾತ್ರಿ ಹತ್ತಕ್ಕೆ ಎರಡು ಹಿಟ್ಟು, ಬಾಡಿನ ಸಾರು, ಮಲಗು. ನನಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಹೇಳಿದ್ದು ಇದನ್ನೇ. ಹೊತ್ತು ಇಳಿದಂತೆ ಸಕ್ಕರೆ ನಿಭಾಯಿಸುವ ಶಕ್ತಿ ದೇಹಕ್ಕೆ ಕಡಿಮೆಯಾಗುತ್ತದೆ, ದೊಡ್ಡ ಊಟ ಹಗಲಿಗೆ ತನ್ನಿ ಅಂತ. ಈಗ ನನ್ನ ದೊಡ್ಡ ಊಟ ಮಧ್ಯಾಹ್ನ, ರಾತ್ರಿ ಏಳಕ್ಕೆ ಸ್ವಲ್ಪ. ಆದರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಬಂಧುಗಳು ಹುಣ್ಣಿಮೆ ಅಂತ ತಾವಾಗಿ ಊಟ ಬಿಡಬೇಡಿ, ಸಕ್ಕರೆ ಇಳಿದು ತಲೆ ತಿರುಗಿ ಬೀಳುತ್ತೀರಿ. ಡಾಕ್ಟರನ್ನು ಕೇಳಿ. ಬಾಬಾಸಾಹೇಬರ ಕೊನೆಯ ವರ್ಷಗಳನ್ನು ಇದೇ ಕಾಯಿಲೆ ಎಷ್ಟು ಹಿಂಡಿತು ಅಂತ ನಮಗೆಲ್ಲ ಗೊತ್ತು.

ತಂಗೀ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಕೆಲಸದ ದಿನ ಹುಣ್ಣಿಮೆ ಬಂದರೆ ಪಂಚಶೀಲ ತೆಗೆದುಕೊಳ್ಳಿ, ರಾತ್ರಿ ಹೊಟ್ಟೆ ತುಂಬ ಉಣ್ಣಿ. ಅವತ್ತು ಉಂಡದ್ದಕ್ಕೆ ಮನಸ್ಸಿನಲ್ಲಿ ಕೊರಗಬೇಡಿ. ಒಂದೇ ಹೊತ್ತು ಉಣ್ಣಲಾರೆ ಅಂದ ಭದ್ದಾಲಿ ಅನ್ನುವ ಭಿಕ್ಖುವಿಗೇ ಬುದ್ಧರು, ಕರೆದ ಮನೆಯಲ್ಲಿ ಸ್ವಲ್ಪ ಉಂಡು ಸ್ವಲ್ಪ ಕಟ್ಟಿಕೊಂಡು ಬಂದು ಆಮೇಲೆ ಉಣ್ಣು ಅಂತ ದಾರಿ ತೋರಿಸಿದ್ದರು. ರಜೆಯ ದಿನ ಉಪೋಸಥ ಬಂದರೆ ಅಷ್ಟಶೀಲ ತೆಗೆದುಕೊಳ್ಳಿ, ಆದರೆ ಬೆಳಿಗ್ಗೆ ತಿಂಡಿಯೂ ಹನ್ನೊಂದೂವರೆಗೆ ಪೂರ್ತಿ ಊಟವೂ ಆಗಿರಲಿ. ಅವತ್ತು ಅಡುಗೆ ನೀವೊಬ್ಬರೇ ಮಾಡಬೇಡಿ, ಮನೆಯವರಿಗೂ ಹೇಳಿ. ಆ ಅರ್ಧ ಗಂಟೆ ಬಿಡುವಿನ ವಿಷಯ ಬೇರೆ. ಅದನ್ನು ಶೀಲದಿಂದ ಸರಿ ಮಾಡಲಾಗದು, ಸಂಘಟನೆಯಿಂದಲೇ ಆಗಬೇಕು. ಭಾನುವಾರ ಕೂತಾಗ ಮಾತಾಡೋಣ.

ಅವ್ವ ಆಮೇಲೂ ಹುಣ್ಣಿಮೆ ಬಿಡಲಿಲ್ಲ. ಕೆಲಸವಿಲ್ಲದ ದಿನ ಬಂದರೆ ಮಾತ್ರ ಮಾಡುತ್ತಿದ್ದಳು. ಹತ್ತು ಗಂಟೆಗೇ ಒಲೆ ಹಚ್ಚಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದಳು. ಹಣೆಯ ಮೇಲಿನ ಗಾಯದ ಗುರುತು ಹೋಗಿರಲಿಲ್ಲ. ಗಂಗಳ ಖಾಲಿಯಾಗುತ್ತಿದ್ದಂತೆ ಬಾಗಿಲಿನಾಚೆ ಬಿಸಿಲು ನೋಡಿ, "ಒತ್ತು ಇನ್ನೂ ಐತಾ ನೋಡು ಮಗ, ಇದ್ರೆ ಇನ್ನೊಂದು ಮುರುಕು ಇಟ್ಟು ಇಕ್ತೀನಿ" ಅನ್ನುತ್ತಿದ್ದಳು. ನಾನು ಗಡಿಯಾರ ನೋಡದೆಯೇ ಐತೆ ಅನ್ನುತ್ತಿದ್ದೆ.