ಜನರೇಟರ್ ಬ್ರೇಕರ್ ಕೈಗೆ ಕಿತ್ತು ಬರಬಾರದು

ಅಮೆರಿಕದಲ್ಲಿ ಮನೆ ಮಾಡಿಕೊಂಡ ಕನ್ನಡಿಗರಲ್ಲಿ ಅನೇಕರು ಚಂಡಮಾರುತ, ಹಿಮಗಾಳಿಗೆ ಅಂಜಿ ಜನರೇಟರ್ ಇಟ್ಟುಕೊಳ್ಳುತ್ತಾರೆ. ಅದರ ಕರೆಂಟನ್ನು ಪ್ಯಾನೆಲ್‌ನ ಒಂದು ಬ್ರೇಕರ್ ಮೂಲಕ ಹಿಮ್ಮುಖವಾಗಿ ಇಡೀ ಮನೆಗೆ ಹರಿಸುವ ಪದ್ಧತಿ ಅಲ್ಲಿದೆ. ಒತ್ತಿ ಕೂರಿಸುವ ಇಂಥ ಬ್ರೇಕರ್ ಬರೀ ಎಳೆದರೆ ಕಳಚಬಾರದು, ಅದಕ್ಕೆ ಹೆಚ್ಚುವರಿ ಹಿಡಿತ ಇರಲೇಬೇಕು ಎನ್ನುತ್ತದೆ ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 408.36(ಡಿ) ನಿಯಮ.

ನಮ್ಮೂರಿನ ಎಂಸಿಬಿ ಡಿನ್ ರೈಲಿನ ಮೇಲೆ ಕೂತು, ಎರಡೂ ತುದಿಯಲ್ಲಿ ಸ್ಕ್ರೂ ಬಿಗಿಸಿಕೊಂಡಿರುತ್ತದೆ. ಅಮೆರಿಕದ ಮನೆಗಳ ಬ್ರೇಕರ್ ಸಾಮಾನ್ಯವಾಗಿ ಪ್ಯಾನೆಲ್ ಒಳಗಿನ ಲೋಹದ ಪಟ್ಟಿಯನ್ನು (ಬಸ್‌ಬಾರ್) ಕಚ್ಚಿಕೊಂಡಿರುತ್ತದೆ, ಅಷ್ಟೇ. ಮಾಮೂಲಿ ಬ್ರೇಕರ್ ಕಳಚಿದರೆ ಅದರಲ್ಲಿ ಕರೆಂಟ್ ಉಳಿಯದು. ಜನರೇಟರ್ ಓಡುತ್ತಿದ್ದು, ಆನ್ ಆಗಿರುವ ಬ್ರೇಕರ್ ಕಳಚಿದರೆ ಮಾತ್ರ ಅದರ ಹಿಂಬದಿಯ ಬರಿಯ ಲೋಹದಲ್ಲಿ 240 ವೋಲ್ಟ್ ಇರುತ್ತದೆ. ಮುಟ್ಟಿದವರ ಪ್ರಾಣಕ್ಕೇ ಅಪಾಯ.

ಮೊದಲು ಬ್ರೇಕರ್ ಮೇಲೆ ‘ಲೈನ್’, ‘ಲೋಡ್’ ಎಂಬ ಗುರುತಿದೆಯೇ ನೋಡಿ. ಇದ್ದರೆ ಅದನ್ನು ಹಿಮ್ಮುಖವಾಗಿ ಬಳಸುವಂತಿಲ್ಲ. ಆಮೇಲೆ ಪ್ಯಾನೆಲ್ ಬಾಗಿಲ ಒಳಬದಿಯ ಲೇಬಲ್ ಓದಿ. ಅದೇ ಪ್ಯಾನೆಲ್‌ಗೆಂದು ತಯಾರಕರು ಸೂಚಿಸಿದ ಹಿಡಿತದ ಕಿಟ್ಟನ್ನೇ ತರಿಸಿ. ಕಟ್ಟುತಂತಿ, ಪ್ಲಾಸ್ಟಿಕ್ ಟೈ ನಡೆಯುವುದಿಲ್ಲ. ಮುಂದಿನ ತಗಡಿನ ಮುಚ್ಚಳವೇ ಹಿಡಿದುಕೊಂಡಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಪೂರ್ತಿ ತಪ್ಪು. ಮುಚ್ಚಳ ತೆಗೆದಾಗಲೇ ಅಲ್ಲವೇ ಅಪಾಯ ಎದುರಾಗುವುದು?

ಇಂಟರ್‌ಲಾಕ್ ಇದ್ದರೂ ಈ ಹಿಡಿತ ಬೇಕೇ ಬೇಕು. ಮೇನ್ ಮತ್ತು ಜನರೇಟರ್ ಬ್ರೇಕರ್ ಒಟ್ಟಿಗೆ ಆನ್ ಆಗದಂತೆ ತಡೆಯುವುದಷ್ಟೇ ಇಂಟರ್‌ಲಾಕಿನ ಕೆಲಸ. ಅದು ಇಲ್ಲದಿದ್ದರೆ ನಿಮ್ಮ ಕರೆಂಟ್ ಬೀದಿಯ ಟ್ರಾನ್ಸ್‌ಫಾರ್ಮರ್ ಹೊಕ್ಕು ಸಾವಿರಾರು ವೋಲ್ಟ್ ಆಗಿ, ರಿಪೇರಿಗೆ ನಿಂತ ಲೈನ್‌ಮನ್‌ನನ್ನು ಕೊಲ್ಲಬಹುದು. ಎರಡನ್ನೂ ಹಾಕಿಸಿ.

ಸೋಲಾರ್ ಇದ್ದವರಿಗೆ ಒಂದು ವಿನಾಯಿತಿ ಉಂಟು. ಗ್ರಿಡ್ ಜೊತೆಗೇ ಓಡುವ, ಮಾನ್ಯತೆ ಪಡೆದ ಇನ್ವರ್ಟರ್‌ನ ಬ್ರೇಕರ್‌ಗೆ ಕೋಡ್ ಈ ಹಿಡಿತ ಕೇಳುವುದಿಲ್ಲ. ಸಂಪರ್ಕ ತಪ್ಪಿದೊಡನೆ ಆ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಗ್ರಿಡ್ ಇಲ್ಲದೆಯೂ ಕರೆಂಟ್ ಕೊಡುವ ಬ್ಯಾಟರಿ ಇನ್ವರ್ಟರ್‌ನದ್ದು ಬೇರೆ ಮಾತು, ಅದರ ಒತ್ತಿ ಕೂರಿಸುವ ಬ್ರೇಕರ್‌ಗೆ ಹಿಡಿತ ಹಾಕಲೇಬೇಕು.

ಕೋಡ್ 3 ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುತ್ತದೆ, ಯಾವ ಆವೃತ್ತಿ ಜಾರಿಯಲ್ಲಿದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ, ಪರ್ಮಿಟ್ ಪಡೆದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಕೆಲಸ ಮಾಡಿಸಿ. ನೀವಾಗಿ ಪ್ಯಾನೆಲ್ ಮುಚ್ಚಳ ಬಿಚ್ಚಬೇಡಿ: ಮೇನ್ ಆಫ್ ಮಾಡಿದರೂ ಬೀದಿಯಿಂದ ಬಂದ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ.