ಪಾರ್ಕಿನ ಸಭೆಗೂ ಹೋಗಿ ಬನ್ನಿ

ಮಿಶಿಗನ್ನಿನ ನಾರ್ತ್‌ವಿಲ್, ನೋವೈ, ಕ್ಯಾಂಟನ್ ಕಡೆ ಬೆಳೆಯುತ್ತಿರುವ ನಮ್ಮ ಮಕ್ಕಳೇ, ಕೆಲಸಕ್ಕೆಂದು ಈಚೆಗೆ ಬಂದಿಳಿದ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳಬೇಕು. ಬೇಸಿಗೆ ಬಂತೆಂದರೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಕೆನ್ಸಿಂಗ್ಟನ್ ಮೆಟ್ರೋಪಾರ್ಕಿಗೆ ಹೋಗುತ್ತೇವೆ. ಊರಿಂದ ಬಂದ ಅಪ್ಪ ಅಮ್ಮನನ್ನು ಮೇಬರಿ ಪಾರ್ಕಿಗೆ ವಾಕಿಂಗ್ ಕರೆದೊಯ್ಯುತ್ತೇವೆ. ಆದರೆ ಈ ಪಾರ್ಕುಗಳು ಮುಂದೆ ಹೇಗಿರಬೇಕೆಂದು ಜನರನ್ನು ಕೇಳುವ ಸಭೆಗಳಲ್ಲಿ ನಮ್ಮವರು ಕಾಣುವುದು ಅಪರೂಪ. ಇದು ನನ್ನನ್ನು ಬಹಳ ಕಾಡುತ್ತದೆ.

ಈ ಹಸಿರು ತಾನಾಗಿ ಉಳಿದದ್ದಲ್ಲ. ಹ್ಯೂರನ್ ಮತ್ತು ಕ್ಲಿಂಟನ್ ನದಿಗಳ ಉದ್ದಕ್ಕೂ ಪಾರ್ಕುಗಳ ಸಾಲು ಬೇಕೆಂದು ಕೆಲವರು ಪಟ್ಟುಹಿಡಿದರು. 1939ರಲ್ಲಿ ಮಿಶಿಗನ್ ಶಾಸನಸಭೆ ಅದಕ್ಕೆ ಕಾನೂನು ಮಾಡಿತು. ಆದರೂ ನಿರ್ಧಾರ ಜನರದ್ದೇ. 1940ರಲ್ಲಿ ವೇಯ್ನ್, ಓಕ್‌ಲೆಂಡ್, ಮಕೋಂಬ್, ವಾಷ್ಟೆನಾ, ಲಿವಿಂಗ್‌ಸ್ಟನ್ ಎಂಬ ಐದು ಕೌಂಟಿಗಳ ಮತದಾರರು ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಲು ಒಪ್ಪಿದರು. ತೆರಿಗೆ ಮೌಲ್ಯದ ಸಾವಿರ ಡಾಲರಿಗೆ 25 ಸೆಂಟ್ ಮೀರಬಾರದೆಂಬುದು ಮಿತಿ. ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಚೇತರಿಸಿಕೊಳ್ಳದ ಜನ ಹಾಗೆ ಒಪ್ಪಿದ್ದು ದೊಡ್ಡ ಮನಸ್ಸು. ಆ ಸಾಲಿನ ಕೆನ್ಸಿಂಗ್ಟನ್ ತೆರೆದದ್ದು 1948ರಲ್ಲಿ. ಇಂದು ಮೆಟ್ರೋಪಾರ್ಕುಗಳು 13. ನಾರ್ತ್‌ವಿಲ್ ಟೌನ್‌ಶಿಪ್ಪಿನಲ್ಲೂ ಹೀಗೆಯೇ ಆಯಿತು. ಮುಚ್ಚಿಹೋದ ಮಾನಸಿಕ ಆಸ್ಪತ್ರೆಯ ಸುಮಾರು 350 ಎಕರೆ ಮನೆ, ಅಂಗಡಿಗಳ ಪಾಲಾಗುವುದರಲ್ಲಿತ್ತು. 2009ರಲ್ಲಿ ಮತದಾರರು ತೆರಿಗೆಗೆ ಒಪ್ಪಿ ಅದನ್ನು ಊರಿಗೆ ಕೊಂಡರು.

ಈಗ ನಿಮ್ಮ ಸರದಿ. ಪಾರ್ಕುಗಳಿಗೆ ರಾಜ್ಯದ ಅನುದಾನ ಬೇಕಾದ ಊರುಗಳು ಐದು ವರ್ಷದ ಮನರಂಜನಾ ಯೋಜನೆ ಮಾಡಬೇಕು. ಅದರ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಆಮೇಲೆ ಸಾರ್ವಜನಿಕ ಸಭೆ ನಡೆಸಬೇಕು. ನೀವು ಹೋಗಬೇಕಾದ್ದು ಆ ದಿನಗಳಲ್ಲಿ. ಜೆಸಿಬಿ ಬಂದು ನಿಂತ ಮೇಲೆ ಕೂಗಿದರೆ ಕೇಳುವವರು ಕಡಿಮೆ. ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಗೆ 800ಕ್ಕೂ ಹೆಚ್ಚು ಮರ ಕಡಿಯಲು ಹೊರಟಾಗ ಜನ ಮಾನವ ಸರಪಳಿ ಕಟ್ಟಿದರು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಅದು ಗೆಲುವೇ ಹೌದು. ಆದರೆ ಸರ್ಕಾರ ಮೊದಲೇ ಜನರನ್ನು ಕೇಳಿದ್ದರೆ ಬೀದಿಗಿಳಿಯುವ ಪ್ರಮೇಯವೇ ಇರುತ್ತಿರಲಿಲ್ಲ.

‘ನಾವು ವೀಸಾದ ಮೇಲಿದ್ದೇವೆ, ನಮಗೆ ಓಟಿಲ್ಲ’ ಎನ್ನುವವರಿದ್ದೀರಿ. ಮಿಶಿಗನ್ನಿನ 1976ರ ಬಹಿರಂಗ ಸಭೆಗಳ ಕಾನೂನಿನ ಪ್ರಕಾರ, ಸಭೆಯ ನಿಯಮಗಳಿಗೆ ಒಳಪಟ್ಟು ಯಾರು ಬೇಕಾದರೂ ಮಾತಾಡಬಹುದು, ಓಟು ಇರಲೇಬೇಕೆಂದಿಲ್ಲ. ಅದೂ ಅಲ್ಲದೆ, ಮೆಟ್ರೋಪಾರ್ಕುಗಳ ಆಡಳಿತ ಮಂಡಳಿಯ ಏಳು ಸದಸ್ಯರನ್ನು ಜನ ನೇರವಾಗಿ ಆರಿಸುವುದಿಲ್ಲ. ಐವರನ್ನು ಕೌಂಟಿಗಳು, ಇಬ್ಬರನ್ನು ಗವರ್ನರ್ ನೇಮಿಸುತ್ತಾರೆ. ಅಲ್ಲಿ ಓಟಿದ್ದವರಿಗೂ ಇರುವ ದಾರಿ ಎದ್ದು ನಿಂತು ಮಾತಾಡುವುದೇ.

ಮಾತಾಡುವಾಗ ಸಾಮಾನ್ಯವಾಗಿ ಸಿಗುವುದು ಎರಡು ಮೂರು ನಿಮಿಷ. ‘ಹಿರಿಯರಿಗೆ ಸೌಲಭ್ಯ ಬೇಕು’ ಎಂದರೆ ಯಾರ ಮನಸ್ಸಿನಲ್ಲೂ ನಿಲ್ಲದು. ಪಾರ್ಕಿಂಗಿನಿಂದ ನೀರಿನ ದಂಡೆಯವರೆಗೆ ಎಲ್ಲೆಲ್ಲಿ ಬೆಂಚಿಲ್ಲ, ಮಂಡಿನೋವಿನ ಅಜ್ಜಿ ಎಲ್ಲಿಂದ ವಾಪಸಾಗುತ್ತಾರೆ, ಹಿಮ ಬಿದ್ದ ಮೇಲೆ ಯಾವ ದಾರಿ ಜಾರುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ. ಹತ್ತಾರು ಮನೆಯವರು ಕೂಡಿ ಊಟ ಮಾಡುವ ನಮ್ಮ ರೂಢಿ ಯೋಜನೆ ಬರೆಯುವವರಿಗೆ ಗೊತ್ತಿರಲಿಕ್ಕಿಲ್ಲ, ಅದನ್ನೂ ಹೇಳಿ. ಹಾಗೆಯೇ ಪಕ್ಕದವರ ಮಾತಿಗೂ ಕಿವಿಗೊಡಿ. ನೀವು ಕ್ರಿಕೆಟ್ ಪಿಚ್ ಕೇಳುವ ಹುಲ್ಲುಗಾವಲಿನಲ್ಲಿ ಹಕ್ಕಿ ಗೂಡು ಕಟ್ಟುತ್ತದೆಂದು ಯಾರಾದರೂ ಹೇಳಿದರೆ ಸಿಟ್ಟಾಗದೆ ಬೇರೆ ಜಾಗ ಹುಡುಕಿ. ಒಂದೇ ಸಭೆಗೆ ಹೋಗಿ ಕೈತೊಳೆದುಕೊಳ್ಳಬೇಡಿ. ನಡಾವಳಿ ಓದಿ, ನಿಮ್ಮ ಮಾತು ಏನಾಯಿತೆಂದು ಮತ್ತೆ ಹೋಗಿ ಕೇಳಿ.

ಮುಂದಿನ ಕರಡು ಹೊರಬಂದಾಗ ಅಪ್ಪ ಅಮ್ಮ, ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಿ. ಅವರು ಕನ್ನಡದಲ್ಲಿ ಹೇಳಿದ್ದನ್ನು ನೀವು ಇಂಗ್ಲಿಷಿನಲ್ಲಿ ಸಭೆಗೆ ಹೇಳಿ.