ಗಲ್ಲಾದ ಮೇಲೆ ಯಾವ ಕಂಪ್ಯೂಟರ್? ಕೈಯಲ್ಲಿ ಯಾವ ಮೌಸ್?

ಹೊಸ ಗ್ರೈಂಡರ್ ಕೊಳ್ಳುವಾಗ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಎಷ್ಟು ಲೀಟರಿನದು, ಮೋಟಾರು ಎಷ್ಟು ಎಚ್‌ಪಿ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದೆಲ್ಲ ತಿಳಿದುಕೊಂಡೇ ಹಣ ಕೊಡುತ್ತೇವೆ. ಆದರೆ ದಿನದ ವ್ಯಾಪಾರವೆಲ್ಲ ಯಾವುದರ ಮೂಲಕ ಹಾದುಹೋಗುತ್ತದೋ ಆ ಗಲ್ಲಾದ ಕಂಪ್ಯೂಟರನ್ನು ಮಾತ್ರ ಅಂಗಡಿಯವನು ಹೇಳಿದ್ದೇ ಸರಿ ಎಂದು ತಂದು ಇಟ್ಟುಬಿಡುತ್ತೇವೆ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ನವಿಮುಂಬಯಿಯ ನಮ್ಮ ಎರಡನೇ ಹೊಟೇಲಿಗೆ, ಮನೆಯ ಮಕ್ಕಳ ಮಾತು ಕೇಳಿ, ನೋಡಲು ಅಂದವಾದ ಆಪಲ್ ಕಂಪ್ಯೂಟರ್ ತಂದೆವು. ನಾವು ವರ್ಷಗಳಿಂದ ಬಳಸುತ್ತಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲಿ ನಡೆಯುವುದಿಲ್ಲ ಎಂದು ತಿಳಿದದ್ದು ಉದ್ಘಾಟನೆಯ ಹಿಂದಿನ ದಿನ. ಮೂರು ವಾರ ಕೈಬರಹದ ಬಿಲ್ಲಿನಲ್ಲೇ ವ್ಯಾಪಾರ ನಡೆಯಿತು. ತಿಂಗಳ ಕೊನೆಗೆ ಲೆಕ್ಕ ಹೊಂದಿಸಲು ಹೋದಾಗ ತಲೆಸುತ್ತು ಬಂತು. ಅದು ಕಂಪ್ಯೂಟರಿನ ತಪ್ಪಲ್ಲ, ನಮ್ಮ ತಪ್ಪು. ಆ ಕಂಪ್ಯೂಟರ್ ಈಗಲೂ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಹೊಟೇಲಿಗ ಬಂಧುಗಳಲ್ಲಿ ಅನೇಕರು ಹಳೆಯ ಕಂಪ್ಯೂಟರ್ ಬದಲಿಸುವ ಯೋಚನೆಯಲ್ಲಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಈ ಪಾಠ.

1. ಮೊದಲು ಕೆಲಸದ ಪಟ್ಟಿ, ಆಮೇಲೆ ಕಂಪ್ಯೂಟರ್

ಹೊಟೇಲಿನಲ್ಲಿ ಕಂಪ್ಯೂಟರಿಗೆ ಇರುವ ಕೆಲಸಗಳನ್ನು ಒಂದು ಕಾಗದದಲ್ಲಿ ಬರೆಯಿರಿ. ಸಾಮಾನ್ಯವಾಗಿ ಇವು ನಾಲ್ಕು: ಗಲ್ಲಾದಲ್ಲಿ ಬಿಲ್ಲು ಮತ್ತು ಅಡುಗೆಮನೆಗೆ ಕೆಒಟಿ, ಖರೀದಿ, ಸಂಬಳ, ಉದ್ರಿಯ ಲೆಕ್ಕ, ಜಿಎಸ್‌ಟಿ ಮತ್ತಿತರ ಸರಕಾರಿ ಕೆಲಸ, ಮೆನು, ಪತ್ರ, ಆಮಂತ್ರಣಗಳ ಬರವಣಿಗೆ. ಪ್ರತಿಯೊಂದರ ಮುಂದೆ ಈಗ ಯಾವ ಸಾಫ್ಟ್‌ವೇರ್, ಯಾವ ಪ್ರಿಂಟರ್ ಇದೆ ಎಂದು ಬರೆಯಿರಿ. ಕಂಪ್ಯೂಟರಿನ ಆಯ್ಕೆ ಅರ್ಧ ಅಲ್ಲಿಗೇ ಮುಗಿಯಿತು. ಸಾಫ್ಟ್‌ವೇರಿಗೆ ತಕ್ಕ ಕಂಪ್ಯೂಟರ್ ಕೊಳ್ಳಬೇಕೇ ಹೊರತು ಕಂಪ್ಯೂಟರಿಗೆ ತಕ್ಕ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗಬಾರದು.

ಇನ್ನೊಂದು ಮಾತು. ಇನ್‌ಪುಟ್ ಕ್ರೆಡಿಟ್ ಇಲ್ಲದೆ ಶೇ. 5ರಂತೆ ಜಿಎಸ್‌ಟಿ ಕಟ್ಟುವ ಹೊಟೇಲುಗಳೇ ನಮ್ಮಲ್ಲಿ ಹೆಚ್ಚು. 2017ರ ನವೆಂಬರ್ 15ರಿಂದ ಈ ವ್ಯವಸ್ಥೆ ಇದೆ. ಹೀಗಿರುವಾಗ ಕಂಪ್ಯೂಟರಿನ ಮೇಲೆ ಕೊಟ್ಟ ಶೇ. 18 ತೆರಿಗೆ ನಮಗೆ ವಾಪಸು ಸಿಗುವುದಿಲ್ಲ. ತಪ್ಪು ಆಯ್ಕೆಯ ನಷ್ಟಕ್ಕೆ ಅದನ್ನೂ ಸೇರಿಸಿಕೊಳ್ಳಿ.

2. ವಿಂಡೋಸ್

ಗಲ್ಲಾದ ಬಿಲ್ಲಿಂಗಿಗೆ ಮಾರುಕಟ್ಟೆಯಲ್ಲಿ ಸಿಗುವ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ವಿಂಡೋಸಿಗಾಗಿ ಬರೆದವು. ಬೆಂಗಳೂರಿನ ಕಂಪನಿಯ ಟ್ಯಾಲಿಯೂ ಹಾಗೆಯೇ. 58 ಮಿ.ಮೀ., 80 ಮಿ.ಮೀ. ಥರ್ಮಲ್ ಪ್ರಿಂಟರ್, ಹಣದ ಡ್ರಾಯರ್, ಬಾರ್‌ಕೋಡ್ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಎಲ್ಲವೂ ವಿಂಡೋಸಿನೊಡನೆ ತೊಂದರೆಯಿಲ್ಲದೆ ಹೊಂದಿಕೊಳ್ಳುತ್ತವೆ. ರಿಪೇರಿಯ ಹುಡುಗರೂ ಗಲ್ಲಿಗೊಬ್ಬರಂತೆ ಸಿಗುತ್ತಾರೆ. ರಾತ್ರಿ ಒಂಬತ್ತಕ್ಕೆ ಬಿಲ್ಲು ನಿಂತರೆ ಇದರ ಬೆಲೆ ತಿಳಿಯುತ್ತದೆ.

ಆದರೆ ಒಂದು ದೊಡ್ಡ ಎಚ್ಚರಿಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ಯಂತ್ರ ನಡೆಯುತ್ತದೆ, ಆದರೆ ಹೊಸದಾಗಿ ಕಂಡುಬರುವ ಭದ್ರತಾ ಲೋಪಗಳಿಗೆ ಮದ್ದು ಬರುವುದಿಲ್ಲ. ಮನೆ ಬಳಕೆಯವರಿಗೆ ಹೆಚ್ಚುವರಿ ಒಂದು ವರ್ಷದ ಯೋಜನೆಯನ್ನು ಕಂಪನಿ ಪ್ರಕಟಿಸಿತ್ತು. ಅದೂ 2026ರ ಅಕ್ಟೋಬರ್ 13ರ ತನಕ ಎಂದು.

"ನಮ್ಮ ಇಡ್ಲಿ ಸಾಂಬಾರಿನ ಲೆಕ್ಕ ಕದ್ದು ಯಾರಿಗೇನು ಲಾಭ?" ಎಂದು ಕೇಳುವವರಿದ್ದಾರೆ. ಕಳ್ಳನಿಗೆ ನಮ್ಮ ಲೆಕ್ಕ ಬೇಕಿಲ್ಲ, ಅದು ನಮಗೆ ಸಿಗದಂತೆ ಮಾಡಿದರೆ ಸಾಕು. 2017ರ ಜೂನ್ ಕೊನೆಯಲ್ಲಿ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರುಗಳಿಗೆ ಹಬ್ಬಿದ ವೈರಸ್ಸಿನಿಂದ ನಮ್ಮ ನವಿಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಕಂಟೇನರ್ ಟರ್ಮಿನಲಿನ ಕೆಲಸವೇ ಸ್ಥಗಿತಗೊಂಡಿತ್ತು. ಆ ವೈರಸ್ ಬಳಸಿಕೊಂಡ ಲೋಪಗಳಲ್ಲಿ ಒಂದಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಮದ್ದು ಕೊಟ್ಟಿತ್ತು. ಮದ್ದು ಬರುವ ವ್ಯವಸ್ಥೆಯಲ್ಲಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಇದೇ ಸಾಕ್ಷಿ.

ವಿಂಡೋಸ್ 11 ಹಾಕಬೇಕಾದರೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಇದು ಕನಿಷ್ಠದ ಮಾತು. ಗಲ್ಲಾದಲ್ಲಿ ತಡವಾಗದಿರಲು 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವುದನ್ನೇ ಕೊಳ್ಳಿ. ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಯಂತ್ರ ನೋಡಲು ಹೋಗುವವರು ದರ ಕೇಳುವ ಮೊದಲು "ಎಷ್ಟನೇ ಜನರೇಶನ್?" ಎಂದು ಕೇಳಿ. 6ನೇ, 7ನೇ ತಲೆಮಾರಿನ ಯಂತ್ರ ಎಷ್ಟೇ ಅಗ್ಗವಾದರೂ ಈಗ ಅದು ಅಗ್ಗವಲ್ಲ. ಅಂಗಡಿಯವರು ಹಾಕಿಕೊಡುವ ವಿಂಡೋಸ್ ಅಸಲಿಯೇ ಎಂಬುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

3. ಆಪಲ್ ಮ್ಯಾಕ್

ಮ್ಯಾಕ್ ಬಾಳಿಕೆ ಬರುವ, ವೈರಸ್ ಕಾಟ ಕಡಿಮೆ ಇರುವ ಯಂತ್ರ. ಆದರೆ ಟ್ಯಾಲಿ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಿಂದೆ ಇಂಟೆಲ್ ಮ್ಯಾಕಿನಲ್ಲಿ ವಿಂಡೋಸನ್ನೂ ಹಾಕಿಕೊಳ್ಳುವ ಬೂಟ್ ಕ್ಯಾಂಪ್ ಸೌಲಭ್ಯವಿತ್ತು. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನ ಯಂತ್ರಗಳಿಂದ ಅದು ಇಲ್ಲ. ಬೇರೆ ಸಾಫ್ಟ್‌ವೇರ್ ಕೊಂಡು ಅದರೊಳಗೆ ವಿಂಡೋಸ್ ನಡೆಸಬಹುದು, ಆದರೆ ಅದು ಗಲ್ಲಾಕ್ಕೆ ಬೇಡದ ಗೊಂದಲ.

ಹಳೆಯ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಸಿಗುತ್ತದೆಂದು ಆಸೆ ಪಡಬೇಡಿ. 2025ರಲ್ಲಿ ಬಂದ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕುಗಳಿಗೆ ಕೊನೆಯದು ಎಂದು ಆಪಲ್ ಹೇಳಿದೆ. ಬಿಲ್ಲಿಂಗ್ ಬ್ರೌಸರಿನಲ್ಲೇ ನಡೆಯುವುದಾದರೆ, ಅಥವಾ ಜಾಹೀರಾತು, ಫೋಟೋ, ಮೆನು ವಿನ್ಯಾಸದ ಕೆಲಸ ಮನೆಯಲ್ಲೇ ಮಾಡುವವರಾದರೆ ಮ್ಯಾಕ್ ಒಳ್ಳೆಯದೇ. ಗಲ್ಲಾಕ್ಕೆ ತರುವ ಮೊದಲು ಮಾತ್ರ ಪ್ರಿಂಟರ್ ಜೋಡಿಸಿ ಒಂದು ಬಿಲ್ಲು ತೆಗೆದು ನೋಡಿ.

4. ಲಿನಕ್ಸ್

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಫಿನ್ಲೆಂಡಿನಲ್ಲಿ ಆರಂಭಿಸಿದ ಲಿನಕ್ಸ್ ಉಚಿತ. ಉಬುಂಟು ಎಂಬುದು ಅದರ ಜನಪ್ರಿಯ ರೂಪ. ಅದರ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷ ಬೆಂಬಲವಿರುತ್ತದೆ. ನಮ್ಮ ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ, ಮಕ್ಕಳು ಕಲಿಯುವುದು ಲಿನಕ್ಸಿನಲ್ಲೇ. ಆದ್ದರಿಂದ ಇದು ಕಷ್ಟದ್ದು ಎಂಬ ಹೆದರಿಕೆ ಬೇಡ.

ಟ್ಯಾಲಿ ಇದರಲ್ಲೂ ನೇರವಾಗಿ ನಡೆಯುವುದಿಲ್ಲ. ಆದರೆ ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿಸಿ ಒಳಗಿನ ಆಫೀಸಿನಲ್ಲಿ ಇಡಬಹುದು. ಇಮೇಲ್, ಜಿಎಸ್‌ಟಿ ಪೋರ್ಟಲ್ ನೋಡುವುದು, ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಫೋಸ್ಕೋಸ್ ತಾಣ, ಬ್ಯಾಂಕು, ಲಿಬ್ರೆ ಆಫೀಸಿನಲ್ಲಿ ಸಂಬಳದ ಪಟ್ಟಿ, ಇಷ್ಟು ಕೆಲಸಕ್ಕೆ ಧಾರಾಳ ಸಾಕು. ಡಿಜಿಟಲ್ ಸಹಿಯಿಂದ ರಿಟರ್ನ್ ಸಲ್ಲಿಸುವವರು ಮಾತ್ರ ಮೊದಲು ತಮ್ಮ ಲೆಕ್ಕಿಗರನ್ನು ಕೇಳಿ.

5. ಆಂಡ್ರಾಯ್ಡ್

ಸಣ್ಣ ಹೊಟೇಲು, ಜ್ಯೂಸ್ ಸೆಂಟರ್, ಪಾರ್ಸೆಲ್ ಕೌಂಟರಿಗೆ ಟ್ಯಾಬ್ ಮತ್ತು ಬ್ಲೂಟೂತ್ ಪ್ರಿಂಟರ್ ಸಾಕಾಗುತ್ತದೆ. ಕರೆಂಟು ಹೋದರೂ ನಡೆಯುತ್ತದೆ, ಜಾಗವೂ ಬೇಡ. ವೇಟರುಗಳು ಟೇಬಲ್ಲಿನಲ್ಲೇ ಆರ್ಡರ್ ತೆಗೆಯಲು ಇದು ಅನುಕೂಲ. ಕೊರತೆಗಳು ಎರಡು: ಅಗ್ಗದ ಟ್ಯಾಬುಗಳಿಗೆ ಅಪ್‌ಡೇಟ್ ಬೇಗ ನಿಂತುಹೋಗುತ್ತದೆ, ಒದ್ದೆ ಕೈ, ಎಣ್ಣೆ ಕೈಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಬಿಲ್ಲಿಂಗ್ ಆ್ಯಪ್ ಇಂಟರ್‌ನೆಟ್ ಇಲ್ಲದಿರುವಾಗಲೂ ನಡೆಯುತ್ತದೆಯೇ ಎಂದು ವೈಫೈ ಆರಿಸಿ ಪರೀಕ್ಷಿಸಿಯೇ ಒಪ್ಪಿಕೊಳ್ಳಿ. ಮಳೆಗಾಲದಲ್ಲಿ ಕಲ್ಯಾಣ್, ಡೊಂಬಿವಲಿಯಲ್ಲಿ ವ್ಯಾಪಾರ ಮಾಡುವವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

6. ಈಗ ಮೌಸಿನ ವಿಷಯ

ಮೌಸ್ ಸಣ್ಣ ವಸ್ತು. ಆದರೆ ಕ್ಯಾಶಿಯರ್ ದಿನಕ್ಕೆ ಹತ್ತು ಗಂಟೆ ಕೈಯಿಡುವುದು ಅದರ ಮೇಲೆಯೇ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಅವರ ಸಹಾಯಕ ಬಿಲ್ ಇಂಗ್ಲಿಷ್ 1964ರ ಸುಮಾರಿಗೆ ಮಾಡಿದ ಮೊದಲ ಮೌಸ್ ಮರದ್ದು, ಅಡಿಯಲ್ಲಿ ಎರಡು ಚಕ್ರ. ಆಮೇಲೆ ಉಂಡೆಯ ಮೌಸ್ ಬಂತು. ಹಿಟ್ಟು, ಧೂಳು ಸೇರಿ ಉಂಡೆ ಸಿಕ್ಕಿಹಾಕಿಕೊಂಡು ನಾವು ಪಟ್ಟ ಪಾಡು ಹಳಬರಿಗೆ ನೆನಪಿರಬಹುದು. ಈಗಿನವು ಬೆಳಕಿನ ಮೌಸ್‌ಗಳು; ಮೇಜಿನ ಮೇಲ್ಮೈಯ ಚಿತ್ರ ತೆಗೆದು ಚಲನೆ ಅಳೆಯುತ್ತವೆ.

ಇದರಿಂದಲೇ ಮೊದಲ ಪಾಠ: ನಮ್ಮ ಗಲ್ಲಾಗಳ ಮೇಲೆ ಗಾಜು ಅಥವಾ ಹೊಳಪಿನ ಕಪ್ಪು ಗ್ರಾನೈಟ್ ಇರುತ್ತದೆ. ಅದರ ಮೇಲೆ ಸಾಮಾನ್ಯ ಮೌಸಿನ ಬಾಣ ಕುಣಿಯುತ್ತದೆ. ಮೌಸ್ ಹಾಳಾಯಿತೆಂದು ಎಸೆಯಬೇಡಿ; ಕೆಳಗೆ ಒಂದು ಪ್ಯಾಡ್, ಇಲ್ಲದಿದ್ದರೆ ದಪ್ಪ ರಟ್ಟು ಇಡಿ.

ಎರಡನೆಯದು: ಗಲ್ಲಾಕ್ಕೆ ತಂತಿಯ ಯುಎಸ್‌ಬಿ ಮೌಸೇ ಸರಿ. ತಂತಿಯಿಲ್ಲದ ಮೌಸಿನ ಬ್ಯಾಟರಿ ಮುಗಿಯುವುದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ಅದರ ಕಿರುಬೆರಳ ಉಗುರಿನಷ್ಟಿನ ರಿಸೀವರನ್ನು ನಮ್ಮಲ್ಲಿ ಒಮ್ಮೆ ಪಾರ್ಸೆಲ್ ಕಾಗದದೊಡನೆ ಗುಡಿಸಿ ಎಸೆದದ್ದೂ ಉಂಟು. ಆಪಲ್ಲಿನ ಮ್ಯಾಜಿಕ್ ಮೌಸಿಗೆ 2015ರಿಂದಲೂ ಚಾರ್ಜಿಂಗ್ ತೂತು ಹೊಟ್ಟೆಯ ಅಡಿಯಲ್ಲೇ. ಚಾರ್ಜಿಗೆ ಹಾಕಿದರೆ ಆ ಹೊತ್ತಿಗೆ ಕೆಲಸವಿಲ್ಲ. ಮನೆಗೆ, ಆಫೀಸಿಗೆ ತಂತಿಯಿಲ್ಲದ್ದು ಇರಲಿ.

ಮೂರನೆಯದು ಅಳತೆ. ಅಂಗೈ ಪೂರ್ತಿ ಮೌಸಿನ ಮೇಲೆ ಕೂರಬೇಕು, ಮಣಿಕಟ್ಟು ಮೇಲಕ್ಕೆ ಬಾಗಬಾರದು, ಮೊಣಕೈ ಮೇಜಿನ ಮಟ್ಟಕ್ಕಿರಬೇಕು. ಎತ್ತರದ ಗಲ್ಲಾಕ್ಕೆ ಗಿಡ್ಡ ಕುರ್ಚಿ ಹಾಕಿದರೆ ಕ್ಯಾಶಿಯರಿಗೆ ಕೈನೋವು ಖಂಡಿತ. ಅವರು ಎಡಗೈಯವರಾದರೆ ಎರಡೂ ಬದಿ ಸಮನಾದ ಮೌಸ್ ಕೊಟ್ಟು ಸೆಟ್ಟಿಂಗಿನಲ್ಲಿ ಬಟನ್ ಬದಲಿಸಿ. ಆಟದ ಹುಡುಗರಿಗಾಗಿ ಬರುವ ದೀಪ ಮಿನುಗುವ ದುಬಾರಿ ಮೌಸ್ ನಮಗೆ ಬೇಡ. ಸಾವಿರ ರೂಪಾಯಿಯೊಳಗೆ ಒಳ್ಳೆಯ ಕಂಪನಿಯದ್ದೇ ಸಿಗುತ್ತದೆ. ಎರಡು ತನ್ನಿ, ಒಂದು ಡ್ರಾಯರಿನಲ್ಲಿರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಬಿಲ್ಲಿಗೆ ಮೌಸನ್ನು ಆದಷ್ಟು ಮುಟ್ಟದಿರುವುದೇ ಒಳ್ಳೆಯದು. ತಿಂಡಿಗಳಿಗೆ ಅಂಕಿಯ ಕೋಡು ಕೊಟ್ಟು, ಬಲಗಡೆ ನಂಬರ್ ಪ್ಯಾಡ್ ಇರುವ ಕೀಬೋರ್ಡಿನಲ್ಲೇ ಹೊಡೆಯುವುದನ್ನು ಅಭ್ಯಾಸ ಮಾಡಿಸಿ. ದಿನಕ್ಕೆ 600 ಬಿಲ್ಲು ಎಂದಿಟ್ಟುಕೊಳ್ಳಿ. ಒಂದಕ್ಕೆ 5 ಸೆಕೆಂಡು ಉಳಿದರೂ 3000 ಸೆಕೆಂಡು, ಎಂದರೆ 50 ನಿಮಿಷ. ಟ್ಯಾಲಿಯಲ್ಲೂ ಎಫ್5 ಪಾವತಿ, ಎಫ್6 ವಸೂಲಿ, ಎಫ್8 ಮಾರಾಟ, ಎಫ್9 ಖರೀದಿ, ಮೌಸಿನ ಹಂಗಿಲ್ಲ. ವಿಂಡೋಸಿನಲ್ಲಿ ಮೌಸ್ ಕೈಕೊಟ್ಟರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್‌ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ ಎಂಟರ್ ಕೊಡಿ. ನಂಬರ್ ಪ್ಯಾಡಿನಿಂದಲೇ ಬಾಣ ಓಡಾಡುತ್ತದೆ.

7. ಭಾಷೆ ಮತ್ತು ಬ್ಯಾಕಪ್

ನಾಲ್ಕೂ ವ್ಯವಸ್ಥೆಗಳಲ್ಲಿ ಯೂನಿಕೋಡ್ ಕನ್ನಡ, ಮರಾಠಿ ಬರೆಯಬಹುದು. ಆದರೆ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರಗಳು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಕಂಪ್ಯೂಟರ್ ಬದಲಿಸುವ ಮೊದಲೇ ಅವನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

2005ರ ಜುಲೈ 26ರ ಮಳೆಯನ್ನು ನಮ್ಮ ಭಾಗದವರು ಮರೆತಿಲ್ಲ. ನೆಲಮಟ್ಟದ ಅಂಗಡಿಗಳ ಸಾಮಾನಿನೊಂದಿಗೆ ಲೆಕ್ಕದ ಪುಸ್ತಕಗಳೂ ನೀರು ಪಾಲಾದವು. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಥರ್ಮಲ್ ಕಾಗದದ ಅಕ್ಷರ ಅಷ್ಟು ಕಾಲ ಉಳಿಯುವುದಿಲ್ಲ. ಆದ್ದರಿಂದ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ರಾತ್ರಿ ಮನೆಗೆ ಒಯ್ಯುವ ಪೆನ್ ಡ್ರೈವಿನಲ್ಲಿ, ಒಂದು ಇಂಟರ್‌ನೆಟ್ಟಿನಲ್ಲಿ. ಸಿಪಿಯು ಡಬ್ಬಿಯನ್ನು ನೆಲದ ಮೇಲಿಡಬೇಡಿ, ಯುಪಿಎಸ್ ಮರೆಯಬೇಡಿ.

ಒಟ್ಟಿನಲ್ಲಿ

- ಗಲ್ಲಾಕ್ಕೆ: ವಿಂಡೋಸ್ 11, ನಂಬರ್ ಪ್ಯಾಡಿನ ಕೀಬೋರ್ಡ್, ತಂತಿಯ ಮೌಸ್, ಪ್ಯಾಡ್.
- ಒಳಗಿನ ಆಫೀಸಿಗೆ: ಹಳೆಯ ಯಂತ್ರವಿದ್ದರೆ ಲಿನಕ್ಸ್.
- ಸಣ್ಣ ಕೌಂಟರ್, ವೇಟರುಗಳ ಕೈಗೆ: ಆಂಡ್ರಾಯ್ಡ್ ಟ್ಯಾಬ್.
- ಮನೆಗೆ, ವಿನ್ಯಾಸದ ಕೆಲಸಕ್ಕೆ: ಇಷ್ಟವಿದ್ದರೆ ಮ್ಯಾಕ್.
- ಕೊಳ್ಳುವ ಮೊದಲು: ನಿಮ್ಮದೇ ಸಾಫ್ಟ್‌ವೇರ್, ನಿಮ್ಮದೇ ಪ್ರಿಂಟರಿನಲ್ಲಿ ಒಂದು ಬಿಲ್ಲು ತೆಗೆದು ನೋಡುವುದು.

ಈ ಕೊನೆಯ ಮಾತನ್ನು ನಾವು ಪಾಲಿಸಿದ್ದರೆ ಮೂರು ವಾರದ ಕೈಬರಹ ತಪ್ಪುತ್ತಿತ್ತು. ಸಾಂಬಾರಿನ ರುಚಿ ನೋಡದೆ ಬಡಿಸುವವರಲ್ಲ ನಾವು. ಕಂಪ್ಯೂಟರಿಗೂ ಅದೇ ನಿಯಮವಿರಲಿ.